ಊಜಿ ನೊಣ ಕಂಡವರಿಗೆ ‘ಏಲಿಯನ್’ ತೋರಿಸುವುದು

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಕಡೆ ರಾತ್ರಿಯಿಡೀ ಕೂತು ನೋಡುವುದನ್ನು ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ. ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಕಟ್ಟಿದರೆ ರಾತ್ರಿ ಊಟದ ಮೇಲೆ ಹಾರ್ಮೋನಿಯಂ ಶುರುವಾಗುತ್ತದೆ, ದುರ್ಯೋಧನ ತೊಡೆ ಮುರಿಸಿಕೊಳ್ಳುವ ಹೊತ್ತಿಗೆ ಕೋಳಿ ಕೂಗಿರುತ್ತದೆ. ಹಾಗಾಗಿ ನಮ್ಮ ಗೆಳೆಯರ ಗುಂಪು ಸಂಜೆಯಿಂದ ಬೆಳಗಿನ ಜಾವದವರೆಗೆ ಸೈನ್ಸ್ ಫಿಕ್ಷನ್ ಸಿನಿಮಾ ತೋರಿಸೋಣ ಎಂದು ಹೊರಟಾಗ ‘ಜನ ಕೂರ್ತಾರಾ?’ ಅಂತ ಯಾರೂ ಅನುಮಾನಪಡಲಿಲ್ಲ. ‘ಏನ್ ಆಕ್ತೀರಿ?’ ಅಂತ ಮಾತ್ರ ಕೇಳಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು ಎಂಬ ಒಂದೇ ಕಾರಣಕ್ಕೆ ಆಯ್ಕೆಯ ಹೊಣೆ ನನ್ನ ತಲೆಗೆ ಬಂತು, ಇನ್ನೂ ಇಳಿದಿಲ್ಲ. ಬೇರೆ ಊರಿನವರು ಇಂಥದ್ದನ್ನು ನಡೆಸಲು ಹೊರಟರೆ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆದಿದ್ದೇನೆ.

1. ಒಳ್ಳೆಯ ಸಿನಿಮಾಗಳ ಪಟ್ಟಿ ಬೇರೆ, ಒಂದು ರಾತ್ರಿ ಬೇರೆ.

ಯಾವ ಪುಸ್ತಕ, ಯಾವ ಪತ್ರಿಕೆ ತೆಗೆದರೂ ಅವೇ ಹೆಸರು: ‘ಮೆಟ್ರೊಪೊಲಿಸ್’ (1927), ‘2001: ಎ ಸ್ಪೇಸ್ ಒಡಿಸ್ಸಿ’ (1968), ‘ಸೋಲಾರಿಸ್’ (1972), ‘ಸ್ಟಾಕರ್’ (1979), ‘ಬ್ಲೇಡ್ ರನ್ನರ್’ (1982). ಒಂದೊಂದೂ ದೊಡ್ಡ ಚಿತ್ರ, ತಕರಾರಿಲ್ಲ. ಈ ಐದನ್ನೇ ಸಾಲಾಗಿ ಹಾಕಿದರೆ ಹನ್ನೆರಡು ಗಂಟೆ ಮೀರುತ್ತದೆ, ಮತ್ತು ಎರಡನೆಯದು ಮುಗಿಯುವ ಮುಂಚೆ ಸಭಾಂಗಣದಲ್ಲಿ ಪ್ರೊಜೆಕ್ಟರಿನ ಹುಡುಗನೂ ನೀವೂ ಉಳಿದಿರುತ್ತೀರಿ. ಪಟ್ಟಿ ಮಾಡುವವರು ಒಂದೊಂದು ಚಿತ್ರವನ್ನು ಒಂದೊಂದು ದಿನ, ಊಟ ನಿದ್ದೆ ಮುಗಿಸಿ ನೋಡಿ ಅಂಕ ಕೊಟ್ಟವರು. ನಮ್ಮ ಮುಂದೆ ಕೂರುವವರು ಹಗಲೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದವರು, ಬಿಡದಿಯ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬಂದವರು, ಸಂಜೆ ಡೇರಿಗೆ ಹಾಲು ಹಾಕಿ ಬಂದವರು. ಇವರಿಗೆ ಯಾವ ಗಂಟೆಗೆ ಯಾವ ಚಿತ್ರ ಎನ್ನುವುದು, ಯಾವ ಚಿತ್ರ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಮುಖ್ಯ.

2. ಕೆಲಸ ಕಾಣಿಸುವ ಸಿನಿಮಾ ಆರಿಸಿ.

ನನ್ನ ಆಯ್ಕೆಯೆಲ್ಲ ಈಗ ಈ ಒಂದೇ ಮಾತಿನ ಮೇಲೆ ನಿಂತಿದೆ. ಭವಿಷ್ಯ, ಅನ್ಯಗ್ರಹ, ಯಂತ್ರಮಾನವ ಏನೇ ಇರಲಿ, ಪರದೆಯ ಮೇಲೆ ಯಾರೋ ಒಬ್ಬರು ಕೈಯಾರೆ ಒಂದು ಕೆಲಸ ಮಾಡುತ್ತಿದ್ದರೆ ನಮ್ಮ ಜನ ಕೂರುತ್ತಾರೆ. ಬ್ರಹ್ಮಾಂಡದ ಗೂಢಾರ್ಥ ಕುರಿತು ಇಬ್ಬರು ಕುರ್ಚಿಯಲ್ಲಿ ಕೂತು ಮಾತಾಡಿದರೆ ಏಳುತ್ತಾರೆ.

‘ವಾಲ್-ಇ’ (2008) ನೋಡಿ. ಮನುಷ್ಯರೆಲ್ಲ ಬಿಟ್ಟುಹೋದ ಭೂಮಿಯಲ್ಲಿ ಒಂದು ಪುಟ್ಟ ಯಂತ್ರ ಕಸ ಎತ್ತಿ, ಒತ್ತಿ, ಇಟ್ಟಿಗೆ ಮಾಡಿ, ಪೇರಿಸುತ್ತಲೇ ಇರುತ್ತದೆ. ಸಂಜೆ ಗೂಡಿಗೆ ಬಂದು ಚಕ್ರ ಬಿಚ್ಚಿ ನೇತುಹಾಕುತ್ತದೆ. ಅದು ಸುಸ್ತಾಗಿ ಮನೆಗೆ ಬಂದಿದೆ ಎಂದು ಯಾರೂ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ. ‘ಗ್ರಾವಿಟಿ’ (2013) ಶುರುವಾಗುವುದೇ ಹಬಲ್ ದೂರದರ್ಶಕದ ರಿಪೇರಿಯಿಂದ. ‘ದಿ ಮಾರ್ಷಿಯನ್’ (2015) ಅಂತೂ ಮಂಗಳ ಗ್ರಹದ ಮೇಲೊಬ್ಬ ರೈತನ ಕಥೆ. ಸಸ್ಯಶಾಸ್ತ್ರಜ್ಞ ಮಾರ್ಕ್ ವಾಟ್ನಿ ಅಲ್ಲಿನ ಬರಡು ಮಣ್ಣನ್ನು ಗುಡಾರದೊಳಗೆ ತುಂಬಿಸಿ, ಸಹೋದ್ಯೋಗಿಗಳು ಬಿಟ್ಟುಹೋದ ಮಲವನ್ನೇ ಗೊಬ್ಬರ ಮಾಡಿ, ರಾಕೆಟ್ ಇಂಧನದಿಂದ ನೀರು ತೆಗೆದು ಆಲೂಗಡ್ಡೆ ನೆಡುತ್ತಾನೆ. ಈ ಭಾಗ ಓಡುವಾಗ ನಮ್ಮ ಸಭಾಂಗಣ ಪಂಚಾಯ್ತಿ ಕಟ್ಟೆಯಾಗಿಬಿಟ್ಟಿತ್ತು. ‘ಹಸಿ ಗೊಬ್ರ ಆಕ್ತಾವ್ನೆ, ಗೆಡ್ಡೆ ಸುಟ್ಟೋಯ್ತದೆ’ ಅಂತ ಒಬ್ಬರು. ‘ಒಣಗಿಸಿರೋದು ಕಣಣ್ಣ, ಪ್ಯಾಕೆಟ್ ನೋಡಲ್ವಾ’ ಅಂತ ಇನ್ನೊಬ್ಬರು. ಚಿತ್ರದಲ್ಲಿ ನಿಜಕ್ಕೂ ಸುಳ್ಳಾಗಿರುವುದು ಆರಂಭದ ಬಿರುಗಾಳಿ. ಮಂಗಳದ ವಾಯುಮಂಡಲದ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ, ಅಲ್ಲಿನ ಗಾಳಿ ಎಷ್ಟು ಜೋರಾಗಿ ಬೀಸಿದರೂ ರಾಕೆಟ್ ಉರುಳಿಸಲಾರದು. ಅದನ್ನು ನಾನು ಟೀ ವೇಳೆ ಹೇಳಿದೆ. ಯಾರಿಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಗೊಬ್ಬರದ ಜಗಳ ಮಾತ್ರ ಮರುದಿನ ಡೇರಿ ಮುಂದೆಯೂ ಮುಂದುವರಿದಿತ್ತು.

3. ನಿಮ್ಮೂರಿನ ಕಸುಬಿಗೆ ತಾಗುವ ಒಂದು ಚಿತ್ರ ಇದ್ದೇ ಇರುತ್ತದೆ. ಹುಡುಕಿ.

ರಿಡ್ಲಿ ಸ್ಕಾಟ್ ಅವರ ‘ಏಲಿಯನ್’ (1979) ನಮ್ಮ ಸೀಮೆಗೆಂದೇ ತೆಗೆದ ಚಿತ್ರ ಎಂದರೆ ನಗಬೇಡಿ. ಮೊದಲು ಅದರ ಹಡಗನ್ನು ನೋಡಿ. ‘ನಾಸ್ಟ್ರೊಮೊ’ದಲ್ಲಿ ವೀರಯೋಧರಿಲ್ಲ, ಅದಿರು ಸಾಗಿಸುವ ಏಳು ಜನ ಇದ್ದಾರೆ. ಎಂಜಿನ್ ಕೋಣೆಯ ಪಾರ್ಕರ್ ಮತ್ತು ಬ್ರೆಟ್ ಬಾಯಿ ಬಿಟ್ಟರೆ ಬೋನಸ್ ಮಾತು: ಮೇಲಿನವರಿಗೆ ಪೂರ್ತಿ ಪಾಲು, ನಮಗೇಕೆ ಅರ್ಧ? ಲಾರಿ ಡ್ರೈವರ್, ಕ್ಲೀನರ್ ಭತ್ಯೆಗೆ ಮಾಲೀಕನೊಂದಿಗೆ ಜಗಳ ಕಾಯುವುದನ್ನು ಕಂಡವರಿಗೆ ಈ ಹಡಗು ಗುರುತು ಸಿಗಲು ಐದು ನಿಮಿಷ ಸಾಕು.

ಆಮೇಲೆ ಬರುವುದು ನಿಜವಾದ ವಿಷಯ. ರೇಷ್ಮೆ ಸಾಕುವ ಮನೆಯಲ್ಲಿ ಮೊಟ್ಟೆ, ಹುಳು, ಗೂಡು, ಚಿಟ್ಟೆ ಎನ್ನುವ ಚಕ್ರ ಎಲ್ಲರಿಗೂ ಬಾಯಿಪಾಠ. ಅದರ ಶತ್ರುವೂ ಗೊತ್ತು. ಊಜಿ ನೊಣ ದೊಡ್ಡ ಹುಳುವಿನ ಮೈಮೇಲೆ ಬಿಳಿ ಚುಕ್ಕಿಯಂಥ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಒಡೆದ ಮರಿ ಹುಳುವಿನ ಚರ್ಮ ಕೊರೆದು ಒಳಹೊಕ್ಕು, ಒಳಗಿನಿಂದಲೇ ತಿನ್ನುತ್ತ ಬೆಳೆಯುತ್ತದೆ. ಹೊರಗೆ ಕಾಣುವುದು ಒಂದು ಕಪ್ಪು ಮಚ್ಚೆ ಮಾತ್ರ. ಕೆಲವು ಹುಳು ಗೂಡು ಕಟ್ಟುವ ಮುಂಚೆ ಸಾಯುತ್ತವೆ, ಕೆಲವು ಗೂಡನ್ನೂ ಕಟ್ಟುತ್ತವೆ. ಆಗ ಮರಿ ಗೂಡನ್ನೇ ತೂತು ಮಾಡಿಕೊಂಡು ಹೊರಬರುತ್ತದೆ, ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. ಬಂಗಾಳದ ಕಡೆಯಿಂದ ಬಂದ ಗೂಡಿನೊಂದಿಗೆ ಈ ನೊಣ 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟಿತು. ಅಂದರೆ ‘ಏಲಿಯನ್’ ಚಿತ್ರ ಜಗತ್ತಿಗೆ ಬಂದ ಮರುವರ್ಷ. ಹುಳುಮನೆಯ ಕಿಟಕಿಗಳಿಗೆ ನೈಲಾನ್ ಪರದೆ ಬಂದದ್ದು ಇದರಿಂದಲೇ.

ಈಗ ಆ ಚಿತ್ರದ ಹೆಸರಾಂತ ಊಟದ ದೃಶ್ಯ ನೆನೆಯಿರಿ. ಹಡಗಿನ ಏಳು ಜನರಲ್ಲೊಬ್ಬನಾದ ಕೇನ್‌ನ ಮುಖಕ್ಕೆ ಕಚ್ಚಿಕೊಂಡಿದ್ದ ಪ್ರಾಣಿ ತಾನಾಗಿ ಬಿದ್ದುಹೋಗಿದೆ, ಅವನು ಎದ್ದು ಕೂತಿದ್ದಾನೆ, ಎಲ್ಲರೂ ನಗುತ್ತ ಉಣ್ಣುತ್ತಿದ್ದಾರೆ. ನಗರದ ಪ್ರೇಕ್ಷಕ ಇಲ್ಲಿ ಸಮಾಧಾನಪಡುತ್ತಾನೆ. ನಮ್ಮಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬರು ಪಕ್ಕದವರ ಮೊಣಕೈ ತಿವಿದು ‘ಅಯ್ಯೋ, ಮೊಟ್ಟೆ ಇಟ್ಬುಟ್ಟದೆ ಕಣಕ್ಕ, ಒಳಗೈತೆ’ ಅಂದರು. ಪಕ್ಕದವರು ‘ಊಂ, ಊಜಿ’ ಅಂದರು, ಅಷ್ಟೆ. ಎದೆ ಸೀಳಿಕೊಂಡು ಅದು ಹೊರಗೆ ಬಂದಾಗ ಗಂಡು ಹುಡುಗರು ಕಿರುಚಿದರು. ಇವರಿಬ್ಬರೂ ಲೆಕ್ಕ ಸರಿಬಂತು ಎಂಬಂತೆ ತಲೆಯಾಡಿಸಿದರು. ಪರಾವಲಂಬಿ ಕೀಟಗಳ ಬದುಕೇ ಆ ಪ್ರಾಣಿಯ ಅಚ್ಚು ಎಂದು ಸಿನಿಮಾ ಪಂಡಿತರು ಬರೆಯುವುದುಂಟು, ಆದರೆ ಅದನ್ನು ಓದದೆ, ದೃಶ್ಯಕ್ಕೆ ಎರಡು ನಿಮಿಷ ಮುಂಚೆ ಹೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕರಾವಳಿಯವರಾದರೆ ಇನ್ನೊಂದು ಚಿತ್ರ ಹುಡುಕಿಕೊಳ್ಳಿ. ಬಳ್ಳಾರಿಯ ಗಣಿ ಕಡೆಯವರಿಗೆ ಬೇರೆಯೇ ಇದ್ದೀತು.

4. ಗೊಂಬೆ ಮಾಡುವವರಿಗೆ ‘ಬ್ಲೇಡ್ ರನ್ನರ್’.

ಇದು ಮೂರನೆಯ ಪಾಠದ ಬಾಲ. ಚನ್ನಪಟ್ಟಣದ ಕಡೆಯವರಿಗೆ ಈ ಚಿತ್ರ ತೋರಿಸುವುದಾದರೆ ಕಾರಣ ಹ್ಯಾರಿಸನ್ ಫೋರ್ಡ್ ಅಲ್ಲ, ಜೆ.ಎಫ್. ಸೆಬಾಸ್ಟಿಯನ್. ವಯಸ್ಸಿಗೆ ಮುಂಚೆ ಮುಪ್ಪಾದ ಈ ತಂತ್ರಜ್ಞ ಖಾಲಿ ಬಿದ್ದ ದೊಡ್ಡ ಕಟ್ಟಡದಲ್ಲಿ ತಾನೇ ಮಾಡಿದ, ನಡೆದಾಡುವ ಗೊಂಬೆಗಳ ಜೊತೆ ಒಂಟಿಯಾಗಿ ಬದುಕುತ್ತಾನೆ. ಬಾಗಿಲು ತೆರೆದೊಡನೆ ಕರಡಿ ಗೊಂಬೆಯೂ ಉದ್ದ ಮೂಗಿನ ಸಿಪಾಯಿ ಗೊಂಬೆಯೂ ಬಂದು ಸ್ವಾಗತ ಹೇಳುತ್ತವೆ. ಆಲೆಮರವನ್ನು ಲೇತಿಗೆ ಕೊಟ್ಟು, ತಿರುಗುವ ಬಿಸಿಗೇ ಅರಗಿನ ಬಣ್ಣ ಕರಗಿಸಿ ಹಚ್ಚಿ, ತಾಳೆಗರಿಯಲ್ಲಿ ಹೊಳಪು ತರುವವರೊಬ್ಬರು ಆ ದೃಶ್ಯವನ್ನು ಮತ್ತೆ ಹಾಕಿಸಿ ನೋಡಿದರು. ಉಳಿದ ಕಥೆಯ ಮಳೆ, ಕತ್ತಲೆ, ದುಃಖ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಒಂದು ಎಚ್ಚರಿಕೆ: ಈ ಚಿತ್ರಕ್ಕೆ ಹಲವು ಆವೃತ್ತಿಗಳಿವೆ. 2007ರ ‘ಫೈನಲ್ ಕಟ್’ ಎಂಬುದನ್ನೇ ತರಿಸಿ. ಮೊದಲು ಬಿಡುಗಡೆಯಾದದ್ದರಲ್ಲಿ ನಾಯಕನ ನಿರೂಪಣೆ ಉದ್ದಕ್ಕೂ ಕೊರೆಯುತ್ತದೆ.

5. ಕಿವಿಗೆ ಸಿಗುವ ಭಾಷೆ ಯಾವುದು ಎಂದು ಮೊದಲೇ ತೀರ್ಮಾನಿಸಿ.

ತಮಿಳರು, ತೆಲುಗರು, ಹಿಂದಿಯವರು ಹಾಲಿವುಡ್ ಚಿತ್ರಗಳನ್ನು ತಮ್ಮ ಮಾತಿನಲ್ಲೇ ನೋಡಿ ಬೆಳೆದರು. ‘ಜುರಾಸಿಕ್ ಪಾರ್ಕ್’ 1994ರಲ್ಲೇ ಹಿಂದಿಯಲ್ಲಿ ಬಂದಿತ್ತು. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂಬ ಕಟ್ಟುಪಾಡು 1960ರ ದಶಕದಿಂದ ಇದ್ದದ್ದರಿಂದ ನಮ್ಮ ಡೈನೋಸಾರ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಗರ್ಜಿಸಿತು. ಅದಕ್ಕೆ ಕಾರಣಗಳಿದ್ದವು, ಕನ್ನಡ ಚಿತ್ರರಂಗ ಉಳಿಯಬೇಕಿತ್ತು, ಆ ವಾದವನ್ನು ಇಲ್ಲಿ ಕೆದಕುವುದಿಲ್ಲ. ಆದರೆ ಸೈನ್ಸ್ ಫಿಕ್ಷನ್ನಿಗೆ ಅದರಿಂದ ಬಿದ್ದ ಪೆಟ್ಟು ದೊಡ್ಡದು: ಎರಡು ತಲೆಮಾರಿನ ಹಳ್ಳಿಯ ಪ್ರೇಕ್ಷಕರಿಗೆ ಈ ಬಗೆಯ ಸಿನಿಮಾ ಎಂದರೆ ‘ಓದಿದವರು ನೋಡೋದು’ ಎಂದಾಯಿತು. 2015ರಲ್ಲಿ ಕೇಂದ್ರದ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ನಿಧಾನವಾಗಿ ತೆರೆಯಿತು. ‘ಅವತಾರ್: ದಿ ವೇ ಆಫ್ ವಾಟರ್’ (2022), ‘ಕಲ್ಕಿ 2898 ಎಡಿ’ (2024) ಕನ್ನಡದಲ್ಲೂ ಬಂದವು. ಹಳೆಯ ಚಿತ್ರಗಳು ಮಾತ್ರ ಹಾಗೇ ಉಳಿದಿವೆ.

ಉಪಶೀರ್ಷಿಕೆ ಹಾಕಿದರಾಯಿತು ಎನ್ನುವವರು ಎಪ್ಪತ್ತು ದಾಟಿದ ಅಜ್ಜಿಯ ಪಕ್ಕದಲ್ಲಿ ಕೂತು ನೋಡಲಿ. ನಮಗೆ ಕೆಲಸಕ್ಕೆ ಬಂದ ದಾರಿಗಳು ಎರಡು. ಒಂದು, ಮಾತು ಕಡಿಮೆ ಇರುವ ಚಿತ್ರ. ‘ವಾಲ್-ಇ’ಯ ಮೊದಲ ಭಾಗದಲ್ಲಿ ಸಂಭಾಷಣೆ ಇಲ್ಲವೆನ್ನುವಷ್ಟು ಕಡಿಮೆ. ‘2001’ರಲ್ಲಿ ಮೊದಲ ಮಾತು ಕೇಳಲು ಸುಮಾರು 25 ನಿಮಿಷ ಕಾಯಬೇಕು. ಜಾರ್ಜ್ ಮೆಲೀಸ್ ಅವರ ‘ಎ ಟ್ರಿಪ್ ಟು ದ ಮೂನ್’ (1902) ಮೂಕಿ, 14 ನಿಮಿಷದ್ದು, ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚುವುದನ್ನು ಯಾವ ಭಾಷೆಯವರೂ ನೋಡಿ ನಕ್ಕಾರು.

ಎರಡನೆಯ ದಾರಿ ಕಥೆ ಹೇಳುವವರದು. ಮೂಕಿ ಕಾಲದಲ್ಲಿ ಜಪಾನಿನಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವ ಬೆನ್ಶಿಗಳಿದ್ದರು, ನಟರಷ್ಟೇ ಹೆಸರು ಮಾಡಿದವರೂ ಇದ್ದರು. ನಮ್ಮ ಊರ ಕಡೆಯ ನಾಟಕದಲ್ಲಿ ಶಕುನಿ ಪಾತ್ರ ಮಾಡುವವರೊಬ್ಬರಿದ್ದಾರೆ, ಕಂಠ ಕಂಚಿನದು. ಕ್ರಿಸ್ ಮಾರ್ಕರ್ ಅವರ ‘ಲಾ ಜೆಟೀ’ಯನ್ನು (1962) ಅವರ ಕೈಗೆ ಕೊಟ್ಟೆವು. ಅದು 28 ನಿಮಿಷದ ಫ್ರೆಂಚ್ ಚಿತ್ರ. ಮೂರನೆಯ ಮಹಾಯುದ್ಧದ ನಂತರ, ನೆಲದಡಿ ಬದುಕುತ್ತಿರುವವರು ಒಬ್ಬ ಕೈದಿಯನ್ನು ಹಿಂದಿನ ಕಾಲಕ್ಕೆ ಕಳಿಸುತ್ತಾರೆ. ಇಡೀ ಚಿತ್ರ ಸ್ಥಿರಚಿತ್ರಗಳ ಸರಣಿ, ಮೇಲೊಂದು ನಿರೂಪಕನ ದನಿ. ಆ ದನಿಯ ಜಾಗದಲ್ಲಿ ನಮ್ಮ ಶಕುನಿ ನಿಂತರು. ಮಾತುಗಳನ್ನು ಹಿಂದಿನ ವಾರವೇ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಅವರು ಅರ್ಧಕ್ಕರ್ಧ ಬಿಟ್ಟು, ಉಳಿದದ್ದನ್ನು ತಮ್ಮ ಲಯಕ್ಕೆ ತಿರುಗಿಸಿ ಹೇಳಿದರು. ನನ್ನ ಬರಹಕ್ಕಿಂತ ಅದೇ ಚೆನ್ನಾಗಿತ್ತು. ಸಂಭಾಷಣೆ ತುಂಬಿದ ಚಿತ್ರಕ್ಕೆ ಈ ಉಪಾಯ ಒಗ್ಗುವುದಿಲ್ಲ, ಪಾತ್ರದ ದನಿಯೂ ಇವರ ದನಿಯೂ ಡಿಕ್ಕಿ ಹೊಡೆಯುತ್ತವೆ.

6. ಕನ್ನಡದ್ದು ಒಂದಾದರೂ ಇರಲಿ. ಆದರೆ ಕನ್ನಡದ್ದು ಎಂಬ ಕಾರಣಕ್ಕೆ ರಿಯಾಯಿತಿ ಕೊಡಬೇಡಿ.

ಆರಿಸಲು ಬಹಳ ಇಲ್ಲ, ಇರುವುದರಲ್ಲಿ ವೈವಿಧ್ಯವಿದೆ. ಹಿರಿಯರಿಗೆ ದೊರೆ-ಭಗವಾನ್ ಅವರ ‘ಜೇಡರ ಬಲೆ’ (1968) ಹಾಕಬಹುದು. ಅದು ಪತ್ತೇದಾರಿ ಚಿತ್ರವೇ, ಆದರೂ ಕಥೆಯ ನಡುವಿರುವುದು ಲೋಹವನ್ನು ಚಿನ್ನ ಮಾಡುವ ವಿಜ್ಞಾನಿಯ ಸೂತ್ರ. ರಾಜ್‌ಕುಮಾರ್ ಪರದೆಗೆ ಬಂದೊಡನೆ ಬೀಳುವ ಶಿಳ್ಳೆ ರಾತ್ರಿಯ ಮೊದಲ ಅರ್ಧಕ್ಕೆ ಸಾಕು. ದಿನೇಶ್ ಬಾಬು ನಿರ್ದೇಶಿಸಿದ, ಉಪೇಂದ್ರ ಬರೆದು ನಟಿಸಿದ ‘ಹಾಲಿವುಡ್’ (2002) ಪ್ರೀತಿಗೆ ಬೀಳುವ ಯಂತ್ರಮಾನವನ ಕಥೆ. ರಜನಿಕಾಂತ್ ಅವರ ‘ಎಂದಿರನ್’ (2010) ಬರುವುದಕ್ಕೆ ಎಂಟು ವರ್ಷ ಮುಂಚಿನದು ಎಂದು ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಐಡಿಯಾ ಚೆನ್ನ, ಎರಡನೇ ಅರ್ಧ ಎಳೆಯುತ್ತದೆ. ಅಜಯ್ ಸರ್ಪೇಷ್ಕರ್ ಅವರ ‘ಮಂಡಲ’ (2023) ಹಾರುವ ತಟ್ಟೆಯನ್ನು ಗಂಭೀರವಾಗಿ ತೆಗೆದುಕೊಂಡ ಚಿತ್ರ, ಅನಂತ್ ನಾಗ್ ಇದ್ದಾರೆ. ‘ಯುಐ’ (2024) ಮಧ್ಯರಾತ್ರಿಯ ತಲೆಗೆ ಭಾರ. ಅದನ್ನು ಹಗಲು ನೋಡಿ, ಜಗಳವಾಡಿ.

ನನ್ನ ಮತ ಎರಡಕ್ಕೆ. ಪವನ್ ಕುಮಾರ್ ಅವರ ‘ಲೂಸಿಯಾ’ (2013): ಜನರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ತೆಗೆದದ್ದು. ನಾಯಕ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ, ನಿದ್ದೆ ಬಾರದ್ದಕ್ಕೆ ಮಾತ್ರೆ ನುಂಗಿ ಇನ್ನೊಂದು ಬದುಕನ್ನು ಕನಸುತ್ತಾನೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಹಾಗಾಗಿ ನಡುವೆ ತೂಕಡಿಸಿ ಎದ್ದವನಿಗೂ ತಾನು ಯಾವುದರಲ್ಲಿದ್ದೇನೆ ಎಂದು ತಿಳಿಯುತ್ತದೆ. ಮ್ಯಾರಥಾನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಇನ್ನೊಂದು ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ (2024). ಕಣ್ಣು ಮಿಟುಕಿಸದೆ ಇರುವಷ್ಟು ಹೊತ್ತು ಮಾತ್ರ ಬೇರೆ ಕಾಲದಲ್ಲಿ ಇರಬಹುದು ಎಂಬ ಒಂದೇ ನಿಯಮದ ಮೇಲೆ ಕಟ್ಟಿದ ಕಾಲಯಾನ. ನಿಯಮ ಸರಳವಾಗಿದ್ದರೆ ಪ್ರೇಕ್ಷಕರೇ ಕಾವಲು ಕಾಯುತ್ತಾರೆ. ಹುಡುಗರು ಪರದೆ ನೋಡುತ್ತ ತಾವೂ ಕಣ್ಣು ಮಿಟುಕಿಸದೆ ಪಂದ್ಯ ಕಟ್ಟಿದ್ದರು.

7. ಅಕ್ಕಪಕ್ಕದ ಚಿತ್ರಗಳು ಒಂದಕ್ಕೊಂದು ಮಾತಾಡಲಿ.

‘ಲಾ ಜೆಟೀ’ಯಲ್ಲಿ ಎಲ್ಲವೂ ಸ್ಥಿರಚಿತ್ರ ಎಂದೆನಲ್ಲ, ಒಂದೇ ಒಂದು ಕ್ಷಣ ಬಿಟ್ಟು. ಮಲಗಿದ ಹೆಂಗಸು ಕಣ್ಣು ತೆರೆದು ಮಿಟುಕಿಸುತ್ತಾಳೆ. ಅದನ್ನು ‘ಬ್ಲಿಂಕ್’ ತೋರಿಸಿದ ರಾತ್ರಿಯೇ ತೋರಿಸಬೇಕು. ಯಾರೂ ವಿವರಿಸಬೇಕಿಲ್ಲ, ನೋಡಿದವರು ಅವರೇ ಹಿಡಿಯುತ್ತಾರೆ. ಎರಡು ಕಾಲಯಾನದ ಚಿತ್ರಕ್ಕಿಂತ ಹೆಚ್ಚು ಒಂದೇ ರಾತ್ರಿಗೆ ಬೇಡ, ಯಾರು ಯಾರ ಅಪ್ಪ ಎನ್ನುವ ಲೆಕ್ಕ ತಪ್ಪುತ್ತದೆ.

ಕಾಲಯಾನವೇ ಬೇಕು, ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಆಗಬೇಕು ಎಂದರೆ ಸಿಂಗೀತಂ ಶ್ರೀನಿವಾಸರಾವ್ ಅವರ ತೆಲುಗಿನ ‘ಆದಿತ್ಯ 369’ (1991). ಯಂತ್ರ ಏರಿದವರು 1526ರ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗಿ ಬೀಳುತ್ತಾರೆ, ಆಮೇಲೆ 2504ಕ್ಕೆ. ಒಬ್ಬರು ಎದ್ದುನಿಂತು ‘ಆಗ ನಮ್ ಕೆಂಪೇಗೌಡ್ರು ಎಲ್ಲವ್ರೆ, ತೋರ್ಸಲಿಲ್ವಲ್ಲ?’ ಅಂದರು. 1526ರಲ್ಲಿ ಬೆಂಗಳೂರಿನ ಕೋಟೆಯೇ ಇನ್ನೂ ಕಟ್ಟಿರಲಿಲ್ಲ, ಅದು 1537ರದು ಎಂದು ಹೇಳಿದೆ. ಒಪ್ಪಲಿಲ್ಲ. ಮಾಗಡಿ ಕಡೆಯ ನೆಂಟರು ಹೆಚ್ಚು ಬಂದಿದ್ದ ರಾತ್ರಿ ಅದು.

8. ‘ಮೆಟ್ರೊಪೊಲಿಸ್’ ಪೂರ್ತಿ ಬೇಡ, ಮೊದಲ ಭಾಗ ಸಾಕು.

ಇದನ್ನು ಹೇಳಿದರೆ ಬೆಂಗಳೂರಿನ ಫಿಲಂ ಸೊಸೈಟಿ ಗೆಳೆಯರು ನನ್ನನ್ನು ಬಯ್ಯುತ್ತಾರೆ. ಫ್ರಿಟ್ಜ್ ಲ್ಯಾಂಗ್ ಅವರ ಈ ಮೂಕಿಯ ಕಳೆದುಹೋದ ಭಾಗಗಳು 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿ, 2010ರಲ್ಲಿ ಸುಮಾರು ಎರಡೂವರೆ ಗಂಟೆಯ ಪ್ರತಿ ಸಿದ್ಧವಾಯಿತು. ಆ ಪ್ರತಿಗೆ ಒಂದು ಇಡೀ ಸಂಜೆ ಮೀಸಲಿಡಿ. ರಾತ್ರಿಯ ಸರಣಿಗೆ ಬೇಕಾದದ್ದು ಶಿಫ್ಟ್ ಬದಲಾಗುವ ಆರಂಭ: ತಲೆ ತಗ್ಗಿಸಿ ಒಳಗೆ ಹೋಗುವ ಸಾಲು, ತಲೆ ತಗ್ಗಿಸಿ ಹೊರಗೆ ಬರುವ ಸಾಲು. ಬಿಡದಿಗೆ ಬಸ್ಸಿನಲ್ಲಿ ಹೋಗಿ ಬರುವ ಹುಡುಗರು ಅದನ್ನು ನೋಡುವಾಗ ಒಂದು ಮಾತಾಡಲಿಲ್ಲ. ಯಂತ್ರಸ್ತ್ರೀ ಬಂದ ಮೇಲೆ ಮೊಬೈಲು ತೆಗೆದರು.

9. ‘2001’ಕ್ಕೆ ಜಾಗ ಮಾಡಿಕೊಡಿ, ಆದರೆ ರಾತ್ರಿ ಒಂಬತ್ತಕ್ಕೆ ಮುಂಚೆ.

ಆರಂಭದ ಬಂಡೆಗಾಡಿನಲ್ಲಿ ವಾನರರು ಕೂಗಾಡುವಾಗ ‘ಇದು ರಾಮದೇವರ ಬೆಟ್ಟ ಕಣ್ರೋ’ ಎಂಬ ಕೂಗು ಪ್ರತಿ ಸಲವೂ ಬೀಳುತ್ತದೆ. ತಪ್ಪೇನಿಲ್ಲ. ‘ಶೋಲೆ’ (1975) ರಾಮಗಢವಾದದ್ದು ಅಲ್ಲಿ, ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ (1984) ಗುಹೆ ಹುಡುಕಿಕೊಂಡು ಬಂದದ್ದು ಸಾವನದುರ್ಗಕ್ಕೆ. ಬೇರೆಲ್ಲಿಯದೋ ಊರಾಗಿ ನಟಿಸಿ ನಮ್ಮ ಬೆಟ್ಟಗಳಿಗೆ ಅಭ್ಯಾಸವಿದೆ. ‘2001’ರ ನಿರ್ದೇಶಕ ಕೂಬ್ರಿಕ್ ಮಾತ್ರ ಎಲ್ಲಿಗೂ ಹೋಗಲಿಲ್ಲ. ಆಫ್ರಿಕಾದ ನಮೀಬಿಯಾದಲ್ಲಿ ತೆಗೆಸಿದ ಫೋಟೋಗಳನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ನಟರ ಹಿಂದೆ ಬಿಂಬಿಸಿ ತೆಗೆದರು. ಇದನ್ನು ಹೇಳಿದಾಗ ಆದ ನಿರಾಶೆ ನೋಡಬೇಕಿತ್ತು. ಸಮಾಧಾನಕ್ಕೆ ಇನ್ನೊಂದು ಸೇರಿಸಿದೆ: ರಾಮನಗರದ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ, ಆ ವಾನರರ ಕಾಲ ಇದಕ್ಕೆ ನಿನ್ನೆ ಮೊನ್ನೆ.

ಈ ಚಿತ್ರದ ದೊಡ್ಡ ಅನುಕೂಲ, ಅದರಲ್ಲೇ ಇಂಟರ್ವಲ್ ಇದೆ. ಹಾಲ್ ಎಂಬ ಕಂಪ್ಯೂಟರ್ ಇಬ್ಬರು ಗಗನಯಾತ್ರಿಗಳ ತುಟಿ ಚಲನೆ ನೋಡಿ ಅವರ ಗುಟ್ಟು ಓದುವಲ್ಲಿ ಅರ್ಧ ನಿಲ್ಲುತ್ತದೆ. ವಿದೇಶಿ ಚಿತ್ರಗಳನ್ನು ಬೇಕಾದಲ್ಲಿ ಕತ್ತರಿಸಿ ಟೀಗೆ ಬಿಡುವ ನಮಗೆ ಇದೊಂದು ವರ. ಆ ಬಿಡುವಿನಲ್ಲಿ ಒಬ್ಬ ತಾತ ಬಂದು ಕೇಳಿದರು: ‘ಮೇಷ್ಟ್ರೇ, ಆ ಕೆಂಪ್ ದೀಪದ್ದು ಮೋಸ ಮಾಡ್ತೈತೆ. ಫ್ಯೂಜ್ ಕಿತ್ತಾಕಿದ್ರೆ ಆಗಲ್ವಾ?’ ಸುಮ್ಮನೆ ಕೂತು ನೋಡಿ ತಾತ ಅಂದೆ. ಎರಡನೆಯ ಅರ್ಧದಲ್ಲಿ ಆ ಗಗನಯಾತ್ರಿಗಳಲ್ಲೊಬ್ಬನಾದ ಡೇವ್ ಒಂದೊಂದೇ ಬಿಲ್ಲೆ ಕಿತ್ತು ಹಾಲ್‌ನ ನೆನಪನ್ನು ಆರಿಸುವಾಗ ತಾತ ಹಿಂದಿರುಗಿ ನನ್ನನ್ನು ನೋಡಿದರು. ಕೊನೆಯ ಇಪ್ಪತ್ತು ನಿಮಿಷ ಏನಾಯಿತೆಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ನನಗೂ ಕಷ್ಟವಿತ್ತು.

10. ಊಟ, ನಿದ್ದೆ, ಮಕ್ಕಳು.

ಮುದ್ದೆ ಬಸ್ಸಾರು ಉಂಡವರಿಗೆ ತಾರ್ಕೋವ್‌ಸ್ಕಿ ಹಾಕಬಾರದು. ಅವರ ‘ಸೋಲಾರಿಸ್’ನಲ್ಲಿ ಕಾರೊಂದು ಟೋಕಿಯೋದ ಮೇಲ್ಸೇತುವೆಗಳ ಮೇಲೆ ಸುಮ್ಮನೆ ಓಡುವ ಒಂದು ದೀರ್ಘ ದೃಶ್ಯವಿದೆ. ನಮ್ಮೂರನ್ನು ಬಿಟ್ಟು ಆಚೆ ಹೋಗುವ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಆ ನೋಟಕ್ಕೆ ಟಿಕೆಟ್ ಕೊಡುವ ಅಗತ್ಯವಿಲ್ಲ. ಹನ್ನೆರಡರ ಮೇಲೆ ಕಡಲೆಕಾಯಿ, ಟೀ, ಸಾಕು.

ರೇಷ್ಮೆ ಹುಳು ಕೊನೆಯ ಜ್ವರದಿಂದ (ಪೊರೆ ಬಿಟ್ಟು) ಎದ್ದು, ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗಿನ ವಾರದಲ್ಲಿ ಸೊಪ್ಪು ಹಾಕಿ ಮುಗಿಯುವುದೇ ಇಲ್ಲ. ಊರಿನಲ್ಲಿ ಹೆಚ್ಚಿನ ಮನೆಗಳು ಆ ಹಂತದಲ್ಲಿದ್ದರೆ ದಿನ ಮುಂದೂಡಿ. ಗೂಡು ಮಾರಿ ಬಂದ ವಾರ ಒಳ್ಳೆಯದು.

ಮಕ್ಕಳನ್ನು ಮನೆಗೆ ಕಳಿಸಿ ‘ಏಲಿಯನ್’ ಹಾಕುತ್ತೇವೆ ಎಂಬುದು ಕಾಗದದ ಮೇಲಿನ ಮಾತು. ಮಕ್ಕಳು ಚಾಪೆಯ ಮೇಲೆ ಅಲ್ಲೇ ಮಲಗಿರುತ್ತವೆ, ಸರಿಯಾಗಿ ಆ ಊಟದ ದೃಶ್ಯಕ್ಕೆ ಏಳುತ್ತವೆ. ಸೆನ್ಸಾರಿನ ಎ ಸರ್ಟಿಫಿಕೇಟು ಇದ್ದರೆ ಪಕ್ಕದ ಕೋಣೆಯಲ್ಲಿ ಮಲಗಿಸುವ ಏರ್ಪಾಟು ಮಾಡಿ, ಬಾಗಿಲಿಗೆ ಒಬ್ಬ ಅಜ್ಜಿಯನ್ನು ಕೂರಿಸಿ. ಅದು ಆಗದಿದ್ದರೆ ಚಿತ್ರ ಬದಲಿಸಿ.

11. ಪರವಾನಗಿ ಕೈಯಲ್ಲಿ ಇಲ್ಲದ ಚಿತ್ರವನ್ನು ಪಟ್ಟಿಗೇ ಸೇರಿಸಬೇಡಿ.

ಮನೆಯಲ್ಲಿ ನೋಡಲು ಕೊಂಡ ಡಿಸ್ಕು, ಮೊಬೈಲಿನ ಓಟಿಟಿ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಆಗುವುದಿಲ್ಲ, ಟಿಕೆಟ್ ಇಲ್ಲದಿದ್ದರೂ ಆಗುವುದಿಲ್ಲ. ಕನ್ನಡ ಚಿತ್ರಗಳಿಗೆ ನಿರ್ಮಾಪಕರನ್ನೇ ಕೇಳಿ. ಭಾರತದ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ. ಮೆಲೀಸ್ ಚಿತ್ರದಂಥ ಹಳೆಯವಕ್ಕೆ ತೊಂದರೆಯಿಲ್ಲ, ಆದರೆ ಹೊಸದಾಗಿ ಕೂಡಿಸಿದ ಸಂಗೀತಕ್ಕೆ ಬೇರೆ ಹಕ್ಕು ಇರಬಹುದು. ಧ್ವನಿವರ್ಧಕದ ನಿಯಮ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಅವಕಾಶ ಕೊಡುವುದಿಲ್ಲ. ಆದ್ದರಿಂದ ಸಮುದಾಯ ಭವನದ ಒಳಗೇ, ಕಿಟಕಿ ಮುಚ್ಚಿ. ಅದಕ್ಕೂ ಆಯ್ಕೆಗೂ ನಂಟಿದೆ: ಸ್ಫೋಟಗಳ ಚಿತ್ರ ಹತ್ತರೊಳಗೆ, ಪಿಸುಮಾತಿನವು ಆಮೇಲೆ.

12. ಈಗ ನಡೆಯುತ್ತಿರುವ ಕ್ರಮ ಹೀಗಿದೆ.

ಸಂಜೆ 7ಕ್ಕೆ ಮೆಲೀಸ್, ಅದರ ಬೆನ್ನಿಗೇ ‘ವಾಲ್-ಇ’, 98 ನಿಮಿಷ. 9:15ಕ್ಕೆ ‘ಬ್ಲಿಂಕ್’ ಅಥವಾ ‘ಲೂಸಿಯಾ’. ಹನ್ನೆರಡಕ್ಕೆ ‘ಏಲಿಯನ್’, 117 ನಿಮಿಷ. ಎರಡೂಕಾಲಕ್ಕೆ ಶಕುನಿಯವರ ‘ಲಾ ಜೆಟೀ’. ಕಡೆಗೆ 91 ನಿಮಿಷದ ‘ಗ್ರಾವಿಟಿ’. ನಾಲ್ಕೂವರೆಗೆ ದೀಪ ಹಾಕಿದರೆ ಹಸು ಕರೆದು ಡೇರಿಗೆ ಹೋಗಲು ಹೊತ್ತು ಸರಿಯಾಗುತ್ತದೆ. ‘2001’ ಇರುವ ದಿನ ‘ವಾಲ್-ಇ’ ಇಲ್ಲ, ಆಗ ಏಳರ ಬದಲು ಆರಕ್ಕೇ ಶುರು. ಕರೆಂಟು ಹೋಗಿ ಜನರೇಟರ್ ಬರುವುದು ತಡವಾದರೆ ಯಾವ ಚಿತ್ರ ಬಿಡುವುದು ಎಂದು ಮೊದಲೇ ಗೋಡೆಗೆ ಬರೆದು ಅಂಟಿಸಿಡಿ, ಇಲ್ಲವಾದರೆ ಕತ್ತಲಲ್ಲೇ ಚುನಾವಣೆ ನಡೆಯುತ್ತದೆ. ನಾವು ಬಿಡುವುದು ‘ಗ್ರಾವಿಟಿ’ಯನ್ನು. ‘ಲಾ ಜೆಟೀ’ ಬಿಡೋಣ ಎಂದು ಒಮ್ಮೆ ಸೂಚಿಸಿದ್ದಕ್ಕೆ ಶಕುನಿಯವರು ಟಾರ್ಚು ಹಿಡಿದು, ಪರದೆ ಇಲ್ಲದೆಯೇ ಪೂರ್ತಿ ಕಥೆ ಹೇಳಿ ಮುಗಿಸಿದರು.